ಶಾಣ್ಯಾ ಮಕ್ಕಳ ಸಾಲಿ

ಖಾಸಗಿ ಶಾಲೆಯಲ್ಲಿ ಓದುವ ಮಗುವೂ ಜವಾಹರ ನವೋದಯ ವಿದ್ಯಾಲಯದ ಆರನೇ ತರಗತಿಗೆ ಅರ್ಜಿ ಹಾಕಬಹುದು. ಶಾಲೆಗೆ ಸರ್ಕಾರದ ಮಾನ್ಯತೆ ಇರಬೇಕು, ಮಗು ಆ ಜಿಲ್ಲೆಯಲ್ಲೇ ಇದ್ದು ಅಲ್ಲೇ ಐದನೇ ತರಗತಿ ಓದುತ್ತಿರಬೇಕು. ನಿಯಮ ಇಷ್ಟು ಸರಳ. ಆದರೆ ಜೇವರ್ಗಿ ತಾಲೂಕಿನ ಅಂದೋಲಾದಂಥ ಊರಲ್ಲಿ ಈ ಅರ್ಜಿಗೆ ಐದು ವರ್ಷದ ಪೂರ್ವಕಥೆ ಇರುತ್ತದೆ. ಮನೆ ಹತ್ತಿರದ ಸರ್ಕಾರಿ ಸಾಲಿ ಬ್ಯಾಡೇ ಬ್ಯಾಡ ಎಂದು ತೊಗರಿ ಮಾರಿದ ರೊಕ್ಕದಲ್ಲಿ ಫೀ ಕಟ್ಟಿ, ಹುಡುಗನ ಕೊರಳಿಗೆ ಟೈ ಬಿಗಿದು ವ್ಯಾನ್ ಹತ್ತಿಸಿದ ತಂದೆಯೇ ಈಗ ಸರ್ಕಾರಿ ಶಾಲೆಯ ಅರ್ಜಿ ಹಿಡಿದು ಆನ್‌ಲೈನ್ ಸೆಂಟರಿನ ಬಾಗಿಲಲ್ಲಿ ನಿಂತಿರುತ್ತಾನೆ. ಕರೆದು ಸೇರಿಸಿಕೊಳ್ಳುವ ಸರ್ಕಾರಿ ಶಾಲೆಯ ಮೇಲೆ ಅವನಿಗೆ ವಿಶ್ವಾಸವಿಲ್ಲ. ಪರೀಕ್ಷೆ ಇಟ್ಟು ಬಹಳ ಮಂದಿಯನ್ನು ವಾಪಸ್ ಕಳಿಸುವ ಶಾಲೆಯಾದರೆ ಅದರ ಮಾತೇ ಬೇರೆ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹೊತ್ತಿಗೆ ಹುಟ್ಟಿದ ಈ ವಿದ್ಯಾಲಯಗಳ ಉದ್ದೇಶ ಹಳ್ಳಿಯ ಜಾಣ ಮಕ್ಕಳನ್ನು ಹುಡುಕಿ ಊಟ, ವಸತಿ, ಪುಸ್ತಕ ಕೊಟ್ಟು ಓದಿಸುವುದು. ಆರನೇ ತರಗತಿಗೆ ಒಂದು ವಿದ್ಯಾಲಯದಲ್ಲಿ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಶೇ. 75 ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹುಡುಗಿಯರಿಗೆ.

ವ್ಯಾನ್ ಹತ್ತಿಸಿದ ಅಪ್ಪಂದಿರ ಸಂಕಟ ಶುರುವಾಗುವುದೇ ಈ ಗ್ರಾಮೀಣ ಎಂಬ ಕಾಲಂನಲ್ಲಿ. ಹುಡುಗ ಹಳ್ಳಿಯಲ್ಲಿ ಹುಟ್ಟಿ, ಹಳ್ಳಿಯಲ್ಲೇ ಉಂಡು ಮಲಗಿದರೂ ಸಾಲದು; ಮೂರು, ನಾಲ್ಕು, ಐದನೇ ತರಗತಿಗಳನ್ನು ಓದಿದ ಶಾಲೆಯೂ ಹಳ್ಳಿಯಲ್ಲೇ ಇರಬೇಕು. ಆ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಅರ್ಜಿಯ ಮಟ್ಟಿಗೆ ಆ ಮಗು ನಗರದ್ದು. ಜೇವರ್ಗಿಯಲ್ಲಿ ಪುರಸಭೆ ಇದೆ. ದಿನಾ ಮುಂಜಾನೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ವ್ಯಾನಿನಲ್ಲಿ ಪುರಸಭೆಯ ಗಡಿ ದಾಟಿದ ಅಂದೋಲಾದ ಹುಡುಗ ಈ ಲೆಕ್ಕದಲ್ಲಿ ಪಟ್ಟಣವಾಸಿ. ಸಂಜೆ ಎಮ್ಮೆಗೆ ಮೇವು ಹಾಕುವಾಗಲೂ ಅವನು ಪಟ್ಟಣವಾಸಿಯೇ. ಐದು ವರ್ಷ ‘ನಮ್ ತಮ್ಮ ಜೇವರ್ಗ್ಯಾಗ ಇಂಗ್ಲಿಷ್ ಸಾಲಿಗಿ ಹೋಗ್ತಾನ್ರೀ’ ಎಂದು ಕಟ್ಟೆಯ ಮೇಲೆ ಹೇಳಿಕೊಂಡ ತಂದೆ ಈಗ ‘ನಾವು ಹಳ್ಯಾವ್ರು ಅದೀವಲ್ರೀ ಸರ್’ ಎಂದು ಕಂಪ್ಯೂಟರ್ ಹುಡುಗನ ಮುಂದೆ ವಾದ ಹೂಡುತ್ತಾನೆ. ಕಂಪ್ಯೂಟರ್ ಒಪ್ಪುವುದಿಲ್ಲ. ಊರ ಹೊರಗೆ ಹೊಲದ ನಡುವೆ ಎದ್ದುನಿಂತ ಶಾಲೆಗೆ ಸೇರಿಸಿದ್ದ ಪಕ್ಕದ ಮನೆಯವನು ಮಾತ್ರ ಏನೂ ಮಾತಾಡದೆ ಗ್ರಾಮೀಣ ಎಂದು ತುಂಬಿಸಿ ಹೋಗುತ್ತಾನೆ.

ಅರ್ಜಿಗೆ ಮಗು ಓದುತ್ತಿರುವ ಶಾಲೆಯ ಮುಖ್ಯಸ್ಥರ ದೃಢೀಕರಣವೂ ಬೇಕು. ಸರ್ಕಾರಿ ಶಾಲೆಯ ಗುರುಗಳಿಗೆ ಇದು ಹೆಮ್ಮೆಯ ಸಹಿ. ಖಾಸಗಿ ಶಾಲೆಯ ಹೆಡ್‌ಮಾಸ್ತರರಿಗೆ ಇನ್ನೈದು ವರ್ಷದ ಫೀ ಹೊರಗೆ ಹೋಗುವುದಕ್ಕೆ ತಾವೇ ಕೊಡುವ ಪರವಾನಗಿ. ಸಾಮಾನ್ಯವಾಗಿ ಆವತ್ತೇ ಹಳೇ ಬಾಕಿಯ ನೆನಪೂ ಆಗುತ್ತದೆ.

ಮನೆಯಲ್ಲೇ ಓದುವವರಿಗೂ ನಿಯಮಾವಳಿ ದಾರಿ ಬಿಟ್ಟಿದ್ದುಂಟು: ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ‘ಬಿ’ ಪ್ರಮಾಣಪತ್ರ. ಆದರೆ ಈ ಭಾಗದಲ್ಲಿ ಶಿಕ್ಷಣದ ಸಿದ್ಧಾಂತಕ್ಕಾಗಿ ಮಗುವನ್ನು ಮನೆಯಲ್ಲಿ ಇಟ್ಟುಕೊಂಡವರು ಅಪರೂಪ. ಮನೆಯಲ್ಲಿ ಉಳಿದ ಮಕ್ಕಳು ಆಡು ಕಾಯುತ್ತಿರುತ್ತಾರೆ, ಇಲ್ಲವೇ ತಾಯಿ-ತಂದೆಯ ಜೊತೆ ಗುಳೆ ಹೋಗಿ ಪುಣೆಯಲ್ಲೋ ಬೆಂಗಳೂರಿನಲ್ಲೋ ಕಟ್ಟಡದ ಮರಳಿನ ಮೇಲೆ ಆಡುತ್ತಿರುತ್ತಾರೆ. ಅವರಲ್ಲಿ ಎಷ್ಟು ಮಂದಿ ಶಾಣ್ಯಾರಿದ್ದಾರೆಂದು ಯಾವ ಪರೀಕ್ಷೆಯೂ ಕೇಳಿಲ್ಲ.

ಪರೀಕ್ಷೆ ಎರಡು ತಾಸಿನದು. 80 ಪ್ರಶ್ನೆ, 100 ಅಂಕ. ಅಂಕಗಳಲ್ಲಿ ಅರ್ಧ, ಅಂದರೆ 50, ಮಾನಸಿಕ ಸಾಮರ್ಥ್ಯಕ್ಕೆ. ಗಣಿತಕ್ಕೂ ಭಾಷೆಗೂ 25, 25. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೆ ಗುರುತು ಮಾಡಬೇಕಾದ್ದು ಬಾಲ್‌ಪೆನ್ನಿನಲ್ಲಿ, ಅಳಿಸುವಂತಿಲ್ಲ. ಪೆನ್ಸಿಲ್, ರಬ್ಬರ್ ನಂಬಿ ಬೆಳೆದ ಹತ್ತು ವರ್ಷದ ಮಗುವಿಗೆ ನಿಜವಾದ ಭಯ ಇದೇ. ಮಾಧ್ಯಮದ ಕಾಲಂನಲ್ಲಿ ತಂದೆ ಕಟ್ಟಿದ ಫೀ ನೆನೆದು ಇಂಗ್ಲಿಷ್ ಎಂದು ಬರೆಸುತ್ತಾನೆ. ಮಗು ಇಂಗ್ಲಿಷಿನಲ್ಲಿ ಪ್ರಶ್ನೆ ಓದಿ, ಕನ್ನಡದಲ್ಲಿ ಲೆಕ್ಕ ಮಾಡಿ, ಮತ್ತೆ ಇಂಗ್ಲಿಷಿನ ಉತ್ತರ ಹುಡುಕುವಷ್ಟರಲ್ಲಿ ತಾಸು ಕಳೆದಿರುತ್ತದೆ.

ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳು ಇಡೀ ಮನೆಯನ್ನು ಪರೀಕ್ಷೆಗೆ ಕೂಡಿಸುತ್ತವೆ. ಕಾಗದವನ್ನು ಎರಡು ಮಡಿಕೆ ಮಡಚಿ, ಮಡಿಕೆಯಿಲ್ಲದ ಮೂಲೆ ಕತ್ತರಿಸಿದರೆ ಬಿಚ್ಚಿದಾಗ ಕತ್ತರಿಸಿದ ಗುರುತು ಎಲ್ಲೆಲ್ಲಿ? ಕೋಚಿಂಗ್ ಪುಸ್ತಕ ಹಿಡಿದ ಪದವೀಧರ ಕಾಕಾ ತಲೆ ಕೆರೆಯುತ್ತಾನೆ. ಮುತ್ಯಾ ಪುಸ್ತಕವನ್ನೇ ತಿರುಗಿಸಿ ನೋಡುತ್ತಾನೆ. ಬ್ಲೌಸ್ ಹೊಲಿಯುತ್ತ ಕೂತ ಅವ್ವ ದಾರ ಹಲ್ಲಿನಿಂದ ಕಡಿದು, ‘ನಾಕೂ ಮೂಲ್ಯಾಗ ಬರ್ತಾವಲ್ಲೋ’ ಎಂದು ಹೊಲಿಗೆ ಮುಂದುವರಿಸುತ್ತಾಳೆ. ಅರಿವೆ ಮಡಚಿ ಕತ್ತರಿ ಹಾಕುವುದೇ ಅವಳ ದಿನದ ಕೆಲಸ. ಕಾಕಾ ಹಿಂದಿನ ಪುಟದ ಉತ್ತರ ನೋಡಿ ಪುಸ್ತಕ ಮುಚ್ಚುತ್ತಾನೆ.

ನವೋದಯ ಒಂದನ್ನೇ ನೆಚ್ಚಿ ಕೂರುವವರು ಕಡಿಮೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ. ಅದಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕಾಗಿ, ನಾಡಕಚೇರಿಯ ಮುಂದೆ ಸಾಲು ಬೆಳೆಯುತ್ತದೆ. ಇನ್ನೊಂದು ಆಯ್ಕೆ ಆದರ್ಶ ವಿದ್ಯಾಲಯ; ಅದು ಇಂಗ್ಲಿಷ್ ಮಾಧ್ಯಮದ್ದು. ದಿನಾ ಹೋಗಿ ಬರಬಹುದಾದ್ದರಿಂದ ಹುಡುಗ ಕಣ್ಮುಂದೆ ಇರಲಿ ಎನ್ನುವ ಆಯಿಯ ಮತ ಯಾವಾಗಲೂ ಅದಕ್ಕೇ.

ಆರನೇ ತರಗತಿಯ ನವೋದಯ ಪರೀಕ್ಷೆಗೆ ಎರಡನೇ ಸಲ ಕೂರುವಂತಿಲ್ಲ. ತಪ್ಪಿದವರಿಗೆ ಇನ್ನೊಂದು ಬಾಗಿಲು ಒಂಬತ್ತನೇ ತರಗತಿ, ಅದೂ ಸೀಟು ಖಾಲಿ ಇದ್ದರೆ. ಅಲ್ಲಿ ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಹಿಂದಿಯ ವಿಷಯದಲ್ಲಿ ಕಲಬುರಗಿ ಕಡೆಯ ಹುಡುಗರಿಗೆ ಅಪಾರ ಧೈರ್ಯ. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ದಖನಿ ಕೇಳುತ್ತಲೇ ಬೆಳೆದಿರುತ್ತಾರೆ. ಪ್ರಶ್ನೆಪತ್ರಿಕೆ ಮಾತ್ರ ಸಂಧಿ, ಸಮಾಸ ಕೇಳುತ್ತದೆ. ‘ನಕ್ಕೋ’ ಎಂಬುದು ನಾಲ್ಕು ಆಯ್ಕೆಗಳಲ್ಲಿ ಎಲ್ಲೂ ಇರುವುದಿಲ್ಲ.