ಗುಲಾಬಿಗೂ ಸೆಕೆಯಾಗುತ್ತದೆ

ಬೆಂಗಳೂರಿನಿಂದ ಮಂಗಳೂರಿಗೆ ವರ್ಗವಾಗಿ ಬರುವ ನೌಕರರಲ್ಲಿ ಒಂದು ಬಗೆಯವರಿದ್ದಾರೆ. ಅವರ ಸಾಮಾನಿನ ಲಾರಿಯಲ್ಲಿ ಗುಲಾಬಿ ಕುಂಡಗಳಿಗೆ ಪ್ರತ್ಯೇಕ ಜಾಗ. ಶಿರಾಡಿ ಘಾಟಿಯ ತಿರುವಿನಲ್ಲಿ ಹೆಂಡತಿಗೆ ವಾಕರಿಕೆ ಬಂದರೂ ಯಜಮಾನರು ಮೊದಲು ಫೋನ್ ಮಾಡಿ ವಿಚಾರಿಸುವುದು ಕುಂಡಗಳ ಯೋಗಕ್ಷೇಮವನ್ನು.

ಸುಮಾರು 900 ಮೀಟರ್ ಎತ್ತರದ ಊರಿನ ತಂಗಾಳಿ ಕುಡಿದು ಬೆಳೆದ ಗಿಡ, ಕಡಲಮಟ್ಟಕ್ಕಿಳಿದ ಮೇಲೂ ಮಾರ್ಚ್‌ವರೆಗೆ ಮರ್ಯಾದೆಯಿಂದಿರುತ್ತದೆ. ಏಪ್ರಿಲ್‌ನಲ್ಲಿ ಹೂವಿನ ಗಾತ್ರ ಇಳಿಯುತ್ತದೆ. ಮೇ ತಿಂಗಳಲ್ಲಿ ಎರಡು ಮಳೆ ಬಿದ್ದರೆ ಮುಗಿಯಿತು: ಎಲೆಯ ಮೇಲೆ ಅಂಚು ಹರಿದಂಥ ಕಪ್ಪು ಚುಕ್ಕೆ, ಸುತ್ತ ಹಳದಿ, ಮುಟ್ಟಿದರೆ ಉದುರು. ಗಿಡಕ್ಕೆ ಬಾಯಾರಿಕೆಯಾಗಿದೆ ಎಂದುಕೊಂಡ ಯಜಮಾನರು ಸಂಜೆ ಹೊತ್ತು ಎಲೆಗಳಿಗೆಲ್ಲ ನೀರು ಚಿಮುಕಿಸುತ್ತಾರೆ. ಚುಕ್ಕೆ ಹುಟ್ಟಿಸುವ ಶಿಲೀಂಧ್ರಕ್ಕೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಎಲೆ 7 ಗಂಟೆ ಒದ್ದೆಯಾಗಿದ್ದರೆ ಅದರ ಬೀಜಕಣ ಮೊಳೆಯುತ್ತದೆ. ಇಲ್ಲಿ ಇಡೀ ರಾತ್ರಿ ಒದ್ದೆ.

ಕರಾವಳಿಯಲ್ಲಿ ಗಿಡ ಸೋಲುವುದು ಬಿಸಿಲಿಗಲ್ಲ, ಸೆಕೆಗೆ. ಬೇರು ಎತ್ತಿದ ನೀರನ್ನು ಎಲೆಯಿಂದ ಆವಿ ಮಾಡಿ ಗಿಡ ಮೈ ತಂಪು ಮಾಡಿಕೊಳ್ಳಬೇಕು. ಹಗ್ಗದ ಮೇಲಿನ ಪಂಚೆ ಸಂಜೆಯಾದರೂ ಒಣಗದ ಊರಿನಲ್ಲಿ ಎಲೆಯ ಪಾಡೂ ಅದೇ. ಮೇಲಿಂದ ರಾತ್ರಿಯ ಉಷ್ಣತೆ 25 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಹಗಲು ಕೂಡಿಟ್ಟ ಸಕ್ಕರೆ ಉಸಿರಾಟಕ್ಕೇ ಹೆಚ್ಚು ಖರ್ಚಾಗುತ್ತದೆ. ಟೊಮೆಟೊ ಹೂ ಬಿಟ್ಟು ಆಸೆ ತೋರಿಸುತ್ತದೆ. ಪರಾಗ ಅಂಟಂಟಾಗಿ ಉದುರದೆ ಕಾಯಿ ಕಚ್ಚುವುದಿಲ್ಲ. ಮೆಡಿಟರೇನಿಯನ್ ಕಡಲ ಸುತ್ತಲಿನ ಲ್ಯಾವೆಂಡರ್‌ಗೆ ಬಿಸಿಲು ಹೊಸದೇನಲ್ಲ, ಆದರೆ ಅಲ್ಲಿನ ಬೇಸಿಗೆ ಒಣ. ನರ್ಸರಿಯವರು "ಇದು ಬಿಸಿಲಿಗೆ ಆಗುತ್ತದೆ ಸಾರ್" ಎಂದಾಗ ಸುಳ್ಳು ಹೇಳಿರುವುದಿಲ್ಲ. ಸೆಕೆಯ ಬಗ್ಗೆ ಅವರನ್ನು ಯಾರೂ ಕೇಳಿರುವುದಿಲ್ಲ, ಅಷ್ಟೆ.

ಕಾಂಪೌಂಡಿನಾಚೆಯ ಅಮ್ಮ ಇದನ್ನೆಲ್ಲ ನೋಡಿ ಸಾಕಾಗಿ ಒಂದು ದಿನ ಬಾಯಿಬಿಡುತ್ತಾರೆ: "ಅದು ಇಲ್ಲಿ ಆಗುವುದಿಲ್ಲ ಮಾರಾಯ್ರೆ. ಒಂದು ಕೇಪುಳ ನೆಡಿ."

ಗುಡ್ಡೆಯಲ್ಲಿ ತಾನಾಗಿ ಬೆಳೆಯುವ, ದುಡ್ಡು ಕೊಡದೆ ಸಿಗುವ ಗಿಡವನ್ನು ನಂಬುವುದು ಹೇಗೆ? ಯಜಮಾನರಿಗೆ ಕೊಂಚ ಅವಮಾನವೇ. ಆದರೆ ಕೇಪುಳ ದಕ್ಷಿಣ ಭಾರತದ್ದೇ ಗಿಡ. ಮುರಕಲ್ಲಿನ ಹುಳಿಮಣ್ಣು ಅದಕ್ಕೆ ತವರು. ಹೊಸ ಗೋಡೆಯ ಬುಡದಲ್ಲಿ ಮಾತ್ರ ನೆಡಬಾರದು, ಸಿಮೆಂಟಿನ ಸುಣ್ಣಕ್ಕೆ ಎಲೆ ಹಳದಿಯಾಗುತ್ತದೆ. ದಾಸವಾಳ, ರತ್ನಗಂಧಿ, ಅಬ್ಬಲಿಗೆ, ಕ್ರೋಟನ್ ಇವೂ ಸೆಕೆಗೆ ಹೆದರುವವಲ್ಲ. ಕಾಗದದ ಹೂವಿನದು ಬೇರೆಯೇ ಸ್ವಭಾವ: ಉಪಚಾರ ಹೆಚ್ಚಾದರೆ ಬರೀ ಎಲೆ, ನೀರು ಮರೆತವರ ಮನೆಯಲ್ಲಿ ಗೇಟು ಕಾಣದಷ್ಟು ಬಣ್ಣ. ಸೋಮಾರಿಗಳಿಗೆ ಇದಕ್ಕಿಂತ ಕೀರ್ತಿ ತರುವ ಗಿಡ ಇನ್ನೊಂದಿಲ್ಲ.

ಹೂವಿನಿಂದ ನಾಲ್ಕು ಕಾಸೂ ಬರಬೇಕೆನ್ನುವವರಿಗೆ ಶಂಕರಪುರದ ಮಲ್ಲಿಗೆಯಿದೆ. ಭೌಗೋಳಿಕ ಸೂಚ್ಯಂಕ ಪಡೆದ ಈ ಉಡುಪಿ ಮಲ್ಲಿಗೆಯನ್ನು ಈಗ ತಾರಸಿಯ ಕುಂಡಗಳಲ್ಲೂ ಬೆಳೆಸುತ್ತಾರೆ. ಮೊಗ್ಗು ಬಿರಿಯುವ ಮೊದಲೇ ಕೊಯ್ದು ಬಾಳೆನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬೇಸಿಗೆಯಲ್ಲಿ ಗಿಡ ಕೈತುಂಬ ಕೊಡುತ್ತದೆ. ಎಲ್ಲರ ಗಿಡವೂ ಕೊಡುವುದರಿಂದ ದರ ಬೀಳುತ್ತದೆ. 800 ಮೊಗ್ಗು ಎಣಿಸುವಷ್ಟರಲ್ಲಿ ಯಜಮಾನರಿಗೆ ಬ್ಯಾಂಕಿನ ಬಡ್ಡಿಯೇ ವಾಸಿ ಅನ್ನಿಸಿದರೆ ತಪ್ಪಿಲ್ಲ.

ಕೊನೆಗೆ ಬಸಳೆ. ಒಂದು ತುಂಡು ದಂಟು ಚುಚ್ಚಿ, ಚಪ್ಪರ ಕಟ್ಟಿ, ಸೆಗಣಿಗೊಬ್ಬರ ಹಾಕಿದರೆ ಆಯಿತು; ಬಳ್ಳಿ ಚಪ್ಪರ ಮುಚ್ಚಿ ಬುಡಕ್ಕೆ ತಾನೇ ನೆರಳು ಮಾಡಿಕೊಳ್ಳುತ್ತದೆ. ಮೊದಲ ವಾರ ಹಲಸಿನ ಬೀಜದ ಜೊತೆ ಹುಳಿ, ಮೀನು ತಿನ್ನುವ ಮನೆಯಾದರೆ ಸಿಗಡಿಯ ಜೊತೆ. ಮೂರನೆಯ ವಾರ ಮಕ್ಕಳು ತಟ್ಟೆ ಸರಿಸುತ್ತಾರೆ. ಕಟ್ಟು ಮಾಡಿ ಪಕ್ಕದ ಮನೆಗೆ ಕೊಡೋಣವೆಂದು ಯಜಮಾನರು ಹೊರಟರೆ, ಆ ಅಮ್ಮ ಅವರಿಗಾಗಿಯೇ ಒಂದು ಕಟ್ಟು ಬಸಳೆ ಹಿಡಿದು ಗೇಟು ದಾಟುತ್ತಿರುತ್ತಾರೆ.