ಹಕೀಮನ ಊರಿನ ಸೀಬೆ ಸಾಹೇಬ್ರು

ದೇವರಿಗೇ ಹಕೀಮನೆಂಬ ಬಿರುದಿರುವ ಊರು ನಂಜನಗೂಡು. ಪಟ್ಟದಾನೆಯ ಕಣ್ಣುಬೇನೆ ವಾಸಿಯಾಯಿತೆಂದು ಟಿಪ್ಪು ಸುಲ್ತಾನ ಶ್ರೀಕಂಠೇಶ್ವರನನ್ನು ‘ಹಕೀಂ ನಂಜುಂಡ’ ಎಂದು ಕರೆದನಂತೆ. ಸಾಲದ್ದಕ್ಕೆ 1913ರಲ್ಲಿ ಬಿ.ವಿ. ಪಂಡಿತರು ಇಲ್ಲೇ ಸದ್ವೈದ್ಯಶಾಲೆ ತೆರೆದು, ನಾಡಿನ ಮಂದಿಯೆಲ್ಲ ನಂಜನಗೂಡು ಹಲ್ಲುಪುಡಿಯಲ್ಲಿ ಹಲ್ಲುಜ್ಜುವಂತೆ ಮಾಡಿದರು. ಇಂಥ ನೀರು ಕುಡಿದು ಬೆಳೆದವರಿಗೆ ಒಂದು ಹಣ್ಣನ್ನು ಸುಮ್ಮನೆ ತಿಂದು ಕೈ ತೊಳೆಯುವುದು ಆಗುವ ಮಾತಲ್ಲ. ಅದು ಯಾವ ಕಾಯಿಲೆಗೆ ಎಂದು ಪಕ್ಕದವರಿಗೆ ಹೇಳದಿದ್ದರೆ ಜೀರ್ಣವಾಗುವುದಿಲ್ಲ. ಸೀಬೆ ಸಾಹೇಬ್ರು ಆ ಪೈಕಿ.

ನಿಮ್ಮೂರಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಅವರು ನುಗ್ಗೆಸೊಪ್ಪಿನವರೋ ಮೆಂತ್ಯದವರೋ ಇರಬಹುದು. ರಸಬಾಳೆಯ ಊರಿನಲ್ಲಿ ನಿಂತು ಸೀಬೆಯ ಪರ ವಕಾಲತ್ತು ಹೂಡುವ ಎದೆಗಾರಿಕೆ ಮಾತ್ರ ನಮ್ಮವರಿಗೇ ಸೈ. ಸಾಹೇಬ್ರು ಸರ್ವೀಸು ಮುಗಿಸಿದ್ದು ರೇಷ್ಮೆ ಇಲಾಖೆಯಲ್ಲಿ. ಹುಳಕ್ಕೆ ಯಾವ ಸೊಪ್ಪು, ಎಷ್ಟು ಹೊತ್ತಿಗೆ ಎಂದು ಹೇಳಿ ಹೇಳಿ ಪಳಗಿದ ನಾಲಿಗೆ. ಹುಳಗಳೂ ಎದುರು ಮಾತಾಡುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಮನುಷ್ಯರ ಕಡೆ ತಿರುಗಿದ್ದಾರೆ.

“ಹಿಪ್ಪುನೇರಳೆ ಸೊಪ್ಪು ಒಂದನ್ನೇ ತಿಂದು ಹುಳ ನಾಲ್ಕು ಜ್ವರ ಎದ್ದು ಹಣ್ಣಾಗ್ತದೆ. ಮನ್ಷನಿಗ್ಯಾಕ್ರೀ ಮೆಡಿಕಲ್ ಸ್ಟೋರು?”

ಹುಳದ ಜ್ವರ ಎಂದರೆ ಪೊರೆ ಕಳಚುವ ಮುಂಚಿನ ನಿದ್ದೆ, ಕಾಯಿಲೆಯಲ್ಲ. ಅದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆದರೆ ವಾದಕ್ಕೆ ಒದಗುವ ಮಾತನ್ನು ಬಿಟ್ಟುಕೊಡುವ ಪೈಕಿ ಅವರಲ್ಲ.

ಅವರ ದವಾಖಾನೆ ಬಸ್ ಸ್ಟ್ಯಾಂಡಿನಲ್ಲಿ, ಸೀಬೆಕಾಯಿ ಮಂಕರಿಯ ಪಕ್ಕ. ಮಾರುವ ಹೆಂಗಸು ತಾನೇ ಗೋಣಿಚೀಲ ಹಾಸಿಕೊಡುತ್ತಾಳೆ: “ಕೂತ್ಕಳಿ ಸಾಹೇಬ್ರೇ, ನೀವಿದ್ರೆ ಯಾಪಾರ ಆಯ್ತದೆ.” ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಿಯೊಬ್ಬಳು ಬೆಲೆ ಕೇಳಿ ಹಿಂದೆ ಸರಿಯುತ್ತಾಳೆ.

“ಬ್ಯಾಡಿ ಸಾರ್, ಮಗೀಗೆ ನೆಗಡಿ ಆಯ್ತದೆ.”

“ಯಾರವ್ವ ಹಂಗಂದೋರು? 100 ಗ್ರಾಂ ಸೀಬೆಗೆ 200 ಮಿಲಿಗ್ರಾಂ ಮೇಲೆ ಸಿ ವಿಟಮಿನ್ನು! ಕಿತ್ತಳೇಲಿ 50ರ ಆಸುಪಾಸು. ದೊಡ್ಡೋರಿಗೇ ದಿನಕ್ಕೆ 80 ಸಾಕು ಅಂತ ಐಸಿಎಂಆರ್ ಹೇಳದೆ. ಅರ್ಧ ಹಣ್ಣು ತಿಂದ್ರೆ ಆ ದಿನದ ಬಾಕಿ ಚುಕ್ತಾ!”

ತೊಡಕಿರುವುದು ಇಲ್ಲೇ. ಅಂಕಿಅಂಶ ಸರಿಯಾಗಿಯೇ ಇರುತ್ತದೆ. ತೀರಾ ಸುಳ್ಳು ಹೇಳುವವರಾಗಿದ್ದರೆ ಎದ್ದು ಹೋಗಬಹುದಿತ್ತು. ಆದರೆ ಅದೇ ಉಸಿರಿನಲ್ಲಿ, ಕೆಮ್ಮಿದ್ದರೆ ಸೀಬೆಯನ್ನು ಕೆಂಡದಲ್ಲಿ ಸುಟ್ಟು ತಿನ್ನಿಸು ಎನ್ನುತ್ತಾರೆ. ಸುಟ್ಟರೆ ಸಿ ವಿಟಮಿನ್ ಹಾಳಾಗುವುದಿಲ್ಲವೇ ಎಂದು ಕೇಳಿದರೆ ಉತ್ತರ ಸಿದ್ಧ: “ಸಿ ಹೋದ್ರೇನು, ಬಿಸಿ ಉಳೀತದಲ್ಲ!”

ಹೊಟ್ಟೆಯ ವಿಚಾರ ಬಂದರಂತೂ ಎರಡು ಬಸ್ಸು ತಪ್ಪುವುದು ಖಾತ್ರಿ. “ಒಂದೇ ಮರ ನೋಡಿ. ಹಣ್ಣು ಬಾಗಿಲು ತೆಗೀತದೆ, ಎಲೆ ಚಿಲಕ ಹಾಕ್ತದೆ.” ಇದೂ ಸುಳ್ಳಲ್ಲ. 100 ಗ್ರಾಂ ಹಣ್ಣಿನಲ್ಲಿ 5 ಗ್ರಾಂನಷ್ಟು ನಾರಿದೆ. ಎಲೆಯಲ್ಲಿರುವ ಕ್ವೆರ್ಸೆಟಿನ್ ಕರುಳಿನ ಅವಸರವನ್ನು ತಗ್ಗಿಸುತ್ತದೆ. ಭೇದಿಗೆ ಕುಡಿಎಲೆಯ ಕಷಾಯ ಕೊಡುತ್ತಿದ್ದ ಅಜ್ಜಿಯರು ಕ್ವೆರ್ಸೆಟಿನ್ ಹೆಸರು ಕೇಳಿದವರಲ್ಲ, ಅಷ್ಟೆ.

ಅದೇ ಕುಡಿಎಲೆ ಅಗಿದರೆ ಹಲ್ಲು, ವಸಡು ಕಲ್ಲಾಗುತ್ತದಂತೆ. ಹೇಳುವವರ ಎರಡೂ ಸಾಲು ಕಟ್ಟಿಸಿದ ಹಲ್ಲು. ಸೀಬೆಬೀಜ ಅದರಡಿ ಸೇರಿಕೊಂಡು ಕಣ್ಣಲ್ಲಿ ನೀರು ತರಿಸುವುದರಿಂದ ಮನೆಯಲ್ಲಿ ಹೆಂಡತಿ ಬೀಜ ತೆಗೆದು ಹೋಳು ಮಾಡಿ ಕೊಡಬೇಕು. “ಎಲೆ ವಿಷ್ಯ ಗೊತ್ತಾಗೋಕೆ ಮುಂಚೇನೇ ಉದುರಿದ ಹಲ್ಲುಗಳು ಅವು” ಎಂದು ಸಮಜಾಯಿಷಿ.

ಒಮ್ಮೆ ಉತ್ಸಾಹದಲ್ಲಿ ಸೀಬೆ ಚರಕಸಂಹಿತೆಯಲ್ಲೇ ಇದೆ ಅಂದುಬಿಟ್ಟರು. ಕಾಲೇಜು ಹುಡುಗನೊಬ್ಬ, “ಸಾರ್, ಅದು ಅಮೆರಿಕದ ಗಿಡ, ಪೋರ್ಚುಗೀಸರ ಕಾಲದಲ್ಲಿ ಬಂದದ್ದು” ಎಂದ. ಸಾಹೇಬ್ರು ರೆಪ್ಪೆ ಕೂಡ ಮಿಟುಕಿಸಲಿಲ್ಲ. “ಮೆಣಸಿನಕಾಯೂ ಅಲ್ಲಿಂದ್ಲೇ ಬಂದದ್ದು. ನಿಮ್ಮಜ್ಜಿ ಸಾರಿಗೆ ಹಾಕ್ದೆ ಬಿಟ್ರೇನಪ್ಪಾ?” ಹುಡುಗ ಉಪ್ಪು-ಖಾರ ಸವರಿದ ಚಂದ್ರಸೀಬೆ ಕೊಂಡು ಬಸ್ಸು ಹತ್ತಿದ.

ಇಷ್ಟೆಲ್ಲ ಪಾಂಡಿತ್ಯ ನಂಜನಗೂಡಿನ ಎಲ್ಲೆಯೊಳಗೆ. ನಂಜನಗೂಡಿನಲ್ಲಿ ಮೆರೆಯುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರಿ ಹೆಸರು ಕಳೆದುಕೊಳ್ಳುತ್ತಾಳೆ. ಸಾಹೇಬ್ರ ಗತಿಯೂ ಅದೇ. ಅಲ್ಲಿ ಮಗಳ ಮನೆ. ಮಗಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಸಂಗಮ ಹತ್ತಿರವಾದಂತೆ ಅವರ ದನಿ ಇಳಿಯುತ್ತದೆ. ಅಲ್ಲಿನ 2025ರ ಕುಂಭಮೇಳದಲ್ಲಿ ಮುಳುಗೆದ್ದು ಸೀನುತ್ತಿದ್ದ ಅಷ್ಟೊಂದು ಜನರನ್ನು ಕಂಡೂ, ಮಗಳು ಪಕ್ಕದಲ್ಲಿದ್ದಳೆಂದು ಬಾಯಿ ಬಿಡದೆ ನಿಂತಿದ್ದರು ಪಾಪ.

“ಅಪ್ಪಾ, ಯಾರಿಗಾದ್ರೂ ಶುಗರ್ ಮಾತ್ರೆ ಬಿಡಿ ಅಂತ ಹೇಳಿದ್ಯಾ?”

“ಇಲ್ಲಮ್ಮ. ಜಪಾನ್ ಸರ್ಕಾರ 2000ದಲ್ಲೇ ಸೀಬೆ ಎಲೆ ಟೀಗೆ ಮಾನ್ಯತೆ ಕೊಟ್ಟದೆ ಅಂದೆ. ಮಾತ್ರೆ ಜೊತೇಲಿ ಅಂತ್ಲೂ ಅಂದೆ.”

ಈ ‘ಜೊತೇಲಿ’ ಮಗಳು ಕಲಿಸಿದ್ದು. ಅದೊಂದಿಲ್ಲದಿದ್ದರೆ ಈ ಜಾತಿಯ ಮಹನೀಯರು ನಗೆಯ ವಸ್ತುವಾಗಿ ಉಳಿಯುವುದಿಲ್ಲ, ಅಪಾಯವಾಗುತ್ತಾರೆ.

ಹೋದ ಸಲ ಬಸ್ಸಿನ ಕಂಡಕ್ಟರಿಗೆ ಬೆಳಗಿನಿಂದ ಭೇದಿ. ಸಾಹೇಬ್ರು ಜೇಬಿನಿಂದಲೇ ಕುಡಿಎಲೆ ತೆಗೆದು ಕೊಟ್ಟಿದ್ದರು. ನರಸೀಪುರದಲ್ಲಿ ವಿಷಯ ತಿಳಿದ ಮಗಳು, “ಎಲೆ ಇರ್ಲಿ, ಮೊದ್ಲು ಇದನ್ನ ಕೊಡು, ಒಂದು ಪ್ಯಾಕೆಟ್ಟಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರು” ಎಂದು ಓಆರ್‌ಎಸ್ ಪ್ಯಾಕೆಟ್ಟುಗಳನ್ನು ಕೈಗಿತ್ತಳು. ವಾಪಸು ಅದೇ ಬಸ್ಸು, ಅದೇ ಕಂಡಕ್ಟರು. ಸಾಹೇಬ್ರು ಪ್ಯಾಕೆಟ್ಟು ಕೊಟ್ಟರು, ನೀರಿನ ಅಳತೆಯನ್ನೂ ತಪ್ಪದೆ ಹೇಳಿದರು. ಬಸ್ಸು ಊರು ದಾಟಿ ಗದ್ದೆಬಯಲಿಗೆ ಬಿದ್ದದ್ದೇ ತಡ, ಗಂಟಲು ಸರಿಮಾಡಿಕೊಂಡರು.

“ಇದ್ರಲ್ಲಿ ಏನದೆ ಗೊತ್ತೇನಪ್ಪಾ? ಉಪ್ಪು, ಸಕ್ಕರೆ. ಸೀಬೆಗೆ ಉಪ್ಪು ಸವರ್ಕೊಂಡು ತಿಂತೀವಲ್ಲ, ಅದನ್ನೇ ಕಂಪ್ನಿಯೋರು ಪುಡಿ ಮಾಡವ್ರೆ!”