ಕ್ರೀಡಾದತ್ತಕ ಮೀಮಾಂಸೆ

ನಂದಪಂಡಿತನು ತನ್ನ ‘ದತ್ತಕಮೀಮಾಂಸೆ’ಯಲ್ಲಿ ದತ್ತಪುತ್ರನ ಕುಲಗೋತ್ರಾದಿಗಳನ್ನು ಕೂಲಂಕಷವಾಗಿ ವಿಚಾರಿಸಿದನಾದರೂ, ಎಸ್ಸೆಸ್ಸೆಲ್ಸಿಯಲ್ಲಿ ಹೇಗೋ ದಡ ಮುಟ್ಟಿ, ಕಬಡ್ಡಿಯಲ್ಲಿ ವಲಯ, ತಾಲ್ಲೂಕು, ಜಿಲ್ಲೆಗಳನ್ನು ಗೆದ್ದ ದೊಡ್ಡಬಳ್ಳಾಪುರದ ಹುಡುಗನೊಬ್ಬನನ್ನು ದೂರದ ಪದವಿಪೂರ್ವ ಕಾಲೇಜು ದತ್ತು ಪಡೆಯುವ ವಿಧಿಯನ್ನು ಕುರಿತು ಒಂದಕ್ಷರವನ್ನೂ ಬರೆಯದೆ ಹೋದನಾಗಿ, ಆ ಕೊರತೆಯನ್ನು ತುಂಬುವ ಭಾರವನ್ನು ಯಾರೂ ಕೇಳದಿದ್ದರೂ ನಾವು ಹೊತ್ತಿದ್ದೇವೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ಕ್ರೀಡಾ ದತ್ತು ಯೋಜನೆ ನಾಡಿಗೆಲ್ಲ ಪರಿಚಿತವೇ. ನಮ್ಮ ಜಿಜ್ಞಾಸೆಯಾದರೋ ಅಂಥದನ್ನು ದೂರದಿಂದ ನೋಡಿ ಅರ್ಧ ಕಲಿತ, ಹೆಸರು ಹೇಳಲೊಲ್ಲದ ಸಂಸ್ಥೆಗಳನ್ನು ಕುರಿತದ್ದು.

ಮೊದಲು ವಯೋವಿಚಾರ. 1956ರ ಹಿಂದೂ ದತ್ತಕ ಅಧಿನಿಯಮದಂತೆ, ರೂಢಿಯ ಬೆಂಬಲವಿಲ್ಲದೆ 15 ವರ್ಷ ತುಂಬಿದವನನ್ನು ದತ್ತು ಕೊಡಲಾಗದು. ಕ್ರೀಡಾದತ್ತಕವು 15 ತುಂಬಿದ ಮೇಲೆಯೇ ಆರಂಭ. ದತ್ತಕಕ್ಕೆ ಪ್ರತಿಯಾಗಿ ಹಣ ಕೊಡುವುದನ್ನೂ ಪಡೆಯುವುದನ್ನೂ ಅದೇ ಅಧಿನಿಯಮ ನಿಷೇಧಿಸಿದೆ. ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡಿದವನಿಗೆ ಕೊಡುವ ಒಂದು ಜೊತೆ ಮ್ಯಾಟ್ ಶೂ ಹಣವೋ ವಸ್ತ್ರವೋ ಎಂಬಲ್ಲಿ ಪಿ.ಟಿ. ಮೇಷ್ಟ್ರುಗಳಲ್ಲಿ ಮತಭೇದವುಂಟು. ಒಬ್ಬನೇ ಮಗನನ್ನು ಕೊಡಬಾರದೆಂದು ವಸಿಷ್ಠನ ವಚನ. ಆದರೆ 2022ರ ಪ್ರೊ ಕಬಡ್ಡಿ ಹರಾಜಿನಲ್ಲಿ ಪವನ್ ಸೆಹ್ರಾವತ್‌ಗೆ 2 ಕೋಟಿ 26 ಲಕ್ಷ ಕೂಗಿದ್ದನ್ನು ಪವರ್‌ಲೂಮಿನ ಗದ್ದಲದಲ್ಲೂ ಸ್ಪಷ್ಟವಾಗಿ ಕೇಳಿಸಿಕೊಂಡ ತಂದೆಗೆ ವಸಿಷ್ಠನ ಮಾತು ಮಾತ್ರ ಕೇಳಿಸಲಿಲ್ಲ.

ದೇಹವಿಚಾರವೇ ಈ ಶಾಸ್ತ್ರದ ಹೃದಯ. ದತ್ತಕನಲ್ಲಿ ‘ಪುತ್ರಚ್ಛಾಯೆ’ ಇರಬೇಕೆಂದು ಪ್ರಾಚೀನರು ಬಯಸಿದರು; ನವೀನರಿಗೆ ಛಾಯೆ ಸಾಲದು, ತೂಕ ಬೇಕು. ಸಬ್ ಜೂನಿಯರ್ ಬಾಲಕನು ಗೊತ್ತುಪಡಿಸಿದ ತೂಕ ಮೀರಕೂಡದೆಂಬ ನಿಯಮವಿರುವುದರಿಂದ, ಆಯ್ಕೆಯ ಮುನ್ನಾದಿನ ಸುಡುಬಿಸಿಲಲ್ಲಿ ಎರಡು ಸ್ವೆಟರ್ ತೊಟ್ಟು ಕೆರೆಯೇರಿಯ ಮೇಲೆ ಓಡುತ್ತ, ನೀರು ಕುಡಿಯದೆ, ಬಾಯಲ್ಲಿ ಊರಿದ್ದನ್ನೂ ಉಗಿಯುತ್ತ ಹುಡುಗನು ಕೃಚ್ಛ್ರವ್ರತವನ್ನಾಚರಿಸುವನು. “ಒಂದ್ ಮುದ್ದೆನಾದ್ರೂ ಉಣ್ಣೋ” ಎಂದು ತಾಯಿ. “ತೂಕ ಆಗ್ಲಿ ತಡಿಯಮ್ಮ” ಎಂದು ಮಗ. ಈ ವ್ರತದಿಂದ ಪ್ರಸನ್ನನಾಗಿ ಅವನನ್ನು ಆರಿಸಿಕೊಂಡ ಕೋಚ್ ಜೂನ್ ತಿಂಗಳಲ್ಲಿ ಮೊದಲು ಕೊಡುವ ಅಪ್ಪಣೆ: “ಕ್ಯಾಚರ್ ಆಗ್ಬೇಕಂದ್ರೆ ಹತ್ತು ಕೆ.ಜಿ. ಏರಿಸ್ಕೋ.” ಈ ವಿರೋಧವನ್ನು ಪರಿಹರಿಸಬಲ್ಲ ವ್ಯಾಖ್ಯಾನಕಾರನು ಇನ್ನೂ ಹುಟ್ಟಿಲ್ಲ.

ಉಳಿದದ್ದು ವಿಮೋಚನ. ಸಿಂಧುವಾದ ದತ್ತಕವನ್ನು ಪಡೆದವರು ರದ್ದು ಮಾಡುವಂತಿಲ್ಲ, ಮಗನೂ ಜನ್ಮಕುಲಕ್ಕೆ ಹಿಂದಿರುಗುವಂತಿಲ್ಲ ಎಂಬುದು ಅಧಿನಿಯಮದ ಮತ. ಕ್ರೀಡಾದತ್ತಕದಲ್ಲಿ, ಮಂಡಿಯ ಲಿಗಮೆಂಟ್ ಹರಿದೊಡನೆ ಪೂರ್ವಾರ್ಧವು ಬಿದ್ದುಹೋಗಿ ಉತ್ತರಾರ್ಧವು ಮಾತ್ರ ಊರ್ಜಿತವಾಗಿರುವುದು: ಹಾಸ್ಟೆಲಿನ ಮಂಚ ಬೇರೊಬ್ಬನದಾದರೂ ಮೂಲ ಅಂಕಪಟ್ಟಿಯೂ ಟಿ.ಸಿ.ಯೂ ಕಚೇರಿಯ ಬೀರುವಿನಲ್ಲಿಯೇ ಉಳಿಯುವುವು. ಬಿಡಿಸಿಕೊಳ್ಳಲು ಹೋದ ತಂದೆಯ ಮುಂದೆ ಗುಮಾಸ್ತನು, ಮಗನು ಆಡಿದ ವರ್ಷದ್ದೂ ಸೇರಿದಂತೆ, ಎರಡು ವರ್ಷದ ಫೀಸಿನ ಚಲನ್ ಬರೆಯತೊಡಗುವನು.